ಬೆಲ್ಟ್ ಆಮೇಲೆ, ಮೊದಲು ಪುಲ್ಲಿ: ನನ್ನ ಅನುಭವ

ಹೋದ ವಾರ ಸ್ಕೂಟರಿನ ಎಡಗಡೆ ಕವರ್ ಬಿಚ್ಚಿ ಬೆಲ್ಟಿಗೆ ಅಳತೆಯ ವರ್ನಿಯರ್ ಹಿಡಿದೆ. ಮುಂದೊಂದು ಹಿಂದೊಂದು ಪುಲ್ಲಿಯ (ರಾಟೆಯ) ನಡುವೆ ಓಡಿ ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ರಬ್ಬರ್ ಬೆಲ್ಟ್ ಅದು. ಹಾಕಿದಾಗ ಅಗಲ 18 ಮಿಲಿಮೀಟರ್ ಚಿಲ್ಲರೆ ಇತ್ತು. 19 ಸಾವಿರ ಕಿಲೋಮೀಟರ್ ಓಡಿದ ಮೇಲೂ ಅರ್ಧ ಮಿಲಿಮೀಟರ್ ಸವೆದಿಲ್ಲ. ಹಲ್ಲಿನ ಬುಡದಲ್ಲಿ ಬಿರುಕಿಲ್ಲ, ಅಂಚಲ್ಲಿ ನೂಲು ಎದ್ದಿಲ್ಲ. ಇದೇ ಗಾಡಿಯಲ್ಲಿ ಹಿಂದೆ ಎರಡು ಬೆಲ್ಟ್ 8 ಸಾವಿರಕ್ಕೆ ಒಂದು, 6 ಸಾವಿರಕ್ಕೆ ಒಂದು ಹೋಗಿದ್ದವು. ಆಗ ಊರಿಗೆ ಊರೇ ನನಗೆ ಹೇಳಿದ್ದು ಒಂದೇ ಮಾತು: "ಘಾಟಿ ರೋಡಲ್ಲಿ ಬೆಲ್ಟಿನ ಆಯಸ್ಸು ಇಷ್ಟೇ ಮಾರಾಯ." ಆ ಮಾತು ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಫಿ ಎಸ್ಟೇಟಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಮನೆ ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ, ತೋಟ ಕೈಮರ ದಾಟಿ ಮೇಲೆ. ದಿನಾ ಹೋಗಿಬರುವುದು ಸುಮಾರು 40 ಕಿಲೋಮೀಟರ್. ಅರ್ಧ ದಾರಿ ಏರು, ತಿರುವು, ಮಳೆಗಾಲದಲ್ಲಿ ಮಂಜು. ಗಾಡಿ 110 ಸಿಸಿಯದು, ಗೇರ್ ಇಲ್ಲದ್ದು. ಹಿಂದೆ ಒಂದು ಡಬ್ಬಿ, ಕಾಲ ಹತ್ತಿರ ಒಂದು ಚೀಲ, ಕೆಲವು ದಿನ ಹಿಂದೆ ಒಬ್ಬ ಆಳು. ಏರಲ್ಲಿ ಇಂಥ ಗಾಡಿ ಏನು ಪಾಡು ಪಡುತ್ತದೆ ಅಂತ ಇಲ್ಲಿ ಓಡಿಸುವವರಿಗೆಲ್ಲ ಗೊತ್ತು.

ಮೊದಲ ಬೆಲ್ಟ್, ಕಂಪನಿಯಿಂದ ಬಂದದ್ದು, 22 ಸಾವಿರ ಓಡಿತು. ಅದಕ್ಕೆ ನನ್ನ ದೂರಿಲ್ಲ. 20ರಿಂದ 25 ಸಾವಿರದೊಳಗೆ ಬದಲಾಯಿಸಲೇಬೇಕಾದ ವಸ್ತು ಅದು. ಗ್ಯಾರೇಜಲ್ಲಿ ಹಾಕಿಸಿದ ಎರಡನೆಯದು 8 ಸಾವಿರಕ್ಕೆ ಜಾರಲು ಶುರು ಮಾಡಿತು. ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಬಿಚ್ಚಿದಾಗ ಅಗಲ 16 ಚಿಲ್ಲರೆಗೆ ಇಳಿದಿತ್ತು. ಮೂರನೆಯದು 6 ಸಾವಿರಕ್ಕೆ ತುಂಡಾಯಿತು. ಹೋದ ವರ್ಷ ಅಲ್ಲ, ಅದರ ಹಿಂದಿನ ಜೂನ್. ಕೈಮರದಿಂದ ಮೇಲೆ ಮೂರನೇ ತಿರುವಲ್ಲಿ ಟಪ್ ಅಂತ ಸದ್ದು, ಆಮೇಲೆ ಏನೂ ಇಲ್ಲ. ಮಳೆ ಸುರಿಯುತ್ತಿತ್ತು. ಗಾಡಿ ತಿರುಗಿಸಿ ಇಳಿಜಾರಲ್ಲಿ ಬ್ರೇಕ್ ಹಿಡಿದುಕೊಂಡೇ ಕೆಳಗೆ ಬಿಟ್ಟೆ. ಅಲ್ಲಿಂದ ತರಕಾರಿ ಪಿಕಪ್ಪಿಗೆ 400 ರೂಪಾಯಿ ಕೊಟ್ಟು ಮನೆಗೆ ಸಾಗಿಸಿದೆ. ಆ ದಿನದ ಸಂಬಳವೂ ಹೋಯಿತು.

ಗ್ಯಾರೇಜಿನವರು ನಾಲ್ಕನೇ ಬೆಲ್ಟಿಗೆ ಸಿದ್ಧವಾಗಿದ್ದರು. ಬೆಲ್ಟ್ ಸವೆದದ್ದು ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ನನಗೆ ತಲೆಗೆ ಹೊಳೆದದ್ದು ತೋಟದ ಪಲ್ಪರ್ ಮನೆಯಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರದ ಮನೆಯಲ್ಲಿ, ಕಂಡದ್ದು. ಹಣ್ಣಿನ ಸೀಸನ್ನಲ್ಲಿ ಪಲ್ಪರಿನ ವಿ ಬೆಲ್ಟ್ ಜಾರಿದರೆ ನಮ್ಮ ಹಳೇ ಫಿಟ್ಟರಣ್ಣ ಹೊಸ ಬೆಲ್ಟ್ ಕೇಳುವ ಮೊದಲು ಪುಲ್ಲಿ ಒಳಗೆ ಬೆರಳು ಆಡಿಸುತ್ತಿದ್ದರು. ತಳ ಹೊಳೆಯುತ್ತಿದ್ದರೆ ಪುಲ್ಲಿಯ ಬದಿ ಸವೆದಿದೆ, ಬೆಲ್ಟ್ ಬದಿಯಲ್ಲಿ ಹಿಡಿಯದೆ ತಳದಲ್ಲಿ ಕೂತಿದೆ ಅಂತ ಅರ್ಥ. "ರೈಟ್ರೇ, ಬೆಲ್ಟ್ ಆಮೇಲೆ. ಪುಲ್ಲಿ ಸರಿಯಿಲ್ಲದೆ ಬೆಲ್ಟ್ ಹಾಕಿದ್ರೆ ಸುಮ್ನೆ ದುಡ್ಡು ತಿನ್ನಿಸಿದ ಹಾಗೆ" ಅಂತ ನನಗೆ ಎಷ್ಟೋ ಸಲ ಹೇಳಿದ್ದರು. ಹತ್ತು ವರ್ಷ ಕೇಳಿದ್ದ ಮಾತು ನನ್ನ ಸ್ಕೂಟರಿಗೂ ಸಲ್ಲುತ್ತದೆ ಅಂತ ಆ ಮಳೆಯಲ್ಲಿ ತೋಚಿತು.

ಮುಂದಿನ ಪುಲ್ಲಿಯನ್ನು ಹಿಡಿದಿಡುವ ದೊಡ್ಡ ನಟ್ ಒಂದಿದೆ, ಗ್ಯಾರೇಜಲ್ಲಿ ಅದನ್ನು ಗಾಳಿಯ ಒತ್ತಡದ ಏರ್ ಗನ್ನಲ್ಲಿ ಬಿಚ್ಚುತ್ತಾರೆ. ನಾನೇ ಬಿಚ್ಚುತ್ತೇನೆ ಅಂದಾಗ ಭಾವ ಒಪ್ಪಲಿಲ್ಲ. "ಏರ್ ಗನ್ ಇಲ್ದೆ ಆ ನಟ್ ಅಲ್ಲಾಡಲ್ಲ. ಫ್ಯಾನ್ ಮುರೀತೀಯ" ಅಂದರು. ಗ್ಯಾರೇಜಿನ ಹುಡುಗನೂ ಅದನ್ನೇ ಹೇಳಿದ. ಮೊದಲ ಭಾನುವಾರ ಅವರ ಮಾತೇ ನಿಜವಾಯಿತು. ಮುಂದಿನ ಪುಲ್ಲಿಯಲ್ಲಿ ಎದುರುಬದುರು ಎರಡು ತಟ್ಟೆ, ಅವಕ್ಕೆ ಫೇಸ್ ಅನ್ನುತ್ತಾರೆ. ಹೊರಗಿನದಕ್ಕೆ ಫ್ಯಾನ್ ರೆಕ್ಕೆ ಇರುತ್ತವೆ. ಆ ಫೇಸ್ ತಿರುಗದ ಹಾಗೆ ರೆಕ್ಕೆಗೆ ದಪ್ಪ ಸ್ಕ್ರೂಡ್ರೈವರ್ ಕೊಟ್ಟು ಸ್ಪ್ಯಾನರ್ ಎಳೆದೆ. ಎರಡು ರೆಕ್ಕೆ ಮುರಿದು ಕೈಗೆ ಬಂದವು, ನಟ್ ಕೂತಲ್ಲೇ ಇತ್ತು. ರೆಕ್ಕೆ ಮುರಿದ ಫೇಸ್ ಹಾಕಿ ಓಡಿಸಬಾರದು. ತೂಕ ಒಂದು ಕಡೆ ವಾಲುತ್ತದೆ, ಬೆಲ್ಟಿಗೆ ಗಾಳಿಯೂ ಕಡಿಮೆ ಸಿಗುತ್ತದೆ. ಅಲ್ಲಿಗೆ ಸುಮಾರು 500 ರೂಪಾಯಿ ಹೋಯಿತು.

ಆಮೇಲೆ ಟೂಲ್ ಮಾಡಿದೆ. ನನ್ನ ಗಾಡಿಯ ಫೇಸಿನಲ್ಲಿ ಹಿಡಿಯಲಿಕ್ಕೆಂದೇ ಎರಡು ತೂತು ಇವೆ. ಅಷ್ಟು ಅಂತರಕ್ಕೆ ಎರಡು ಗಟ್ಟಿ ಬೋಲ್ಟ್ ಕೂರಿಸಿದ ಕಬ್ಬಿಣದ ಪಟ್ಟಿ, ಎರಡೂವರೆ ಅಡಿ ಉದ್ದ. ವೆಲ್ಡಿಂಗ್ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟೆ. ಪಟ್ಟಿಯ ತುದಿ ನೆಲಕ್ಕೆ ಒರಗಿಸಿ, ಸ್ಪ್ಯಾನರಿಗೆ ಪೈಪ್ ಹಾಕಿ ಎಳೆದರೆ ನಟ್ ಬಿಡುತ್ತದೆ. ಎಳೆಯುವ ಮೊದಲು ನಾನು ಆ ನಟ್ಟಿಗೆ ಮಾಡುವ ಇನ್ನೊಂದು ಸಣ್ಣ ಕೆಲಸ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಹತ್ತಿರವೇ ಇರಲಿ. ಹಿಂದಿನ ಕ್ಲಚ್ ನಟ್ಟಿಗೆ ಟೂಲೇ ಬೇಡ. ಹಿಂದಿನ ಬ್ರೇಕ್ ಲಿವರ್ ಎಳೆದು ಸೈಕಲ್ ಟ್ಯೂಬಿನ ತುಂಡಲ್ಲಿ ಬಿಗಿಯಾಗಿ ಕಟ್ಟಿದರೆ ಕ್ಲಚ್ ಬೌಲ್, ಅಂದರೆ ಕ್ಲಚ್ಚಿನ ಹೊರಗಿನ ಬಟ್ಟಲು, ಅಲ್ಲಾಡಲ್ಲ. ಬೌಲ್ ಚಕ್ರದ ಗೇರಿಗೇ ಕೂತಿರುತ್ತದಲ್ವಾ.

ಒಳಗೆ ಕಂಡದ್ದು ನೋಡಿ ನನಗೆ ಸಿಟ್ಟೇ ಬಂತು. ಎರಡೂ ಫೇಸಿನಲ್ಲಿ, ಮಧ್ಯದ ಬಾಸಿನ (ಎರಡು ಫೇಸಿನ ನಡುವಿನ ಕೊಳವೆಯ) ಹತ್ತಿರ, ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. ನಮ್ಮ ರೋಡಲ್ಲಿ ಗಾಡಿ ಯಾವಾಗಲೂ ನಿಧಾನ, ಯಾವಾಗಲೂ ಭಾರ. ಹಾಗಾಗಿ ಮುಂದಿನ ಪುಲ್ಲಿಯಲ್ಲಿ ಬೆಲ್ಟ್ ಒಳಗಡೆಯೇ ಓಡುತ್ತದೆ, ಅಂಚಿಗೆ ಬರುವುದೇ ಅಪರೂಪ. ಒಂದೇ ಜಾಗ ತಿಂದು ತಿಂದು ಮೆಟ್ಟಿಲಾಗಿದೆ. ಹೊಸ ಬೆಲ್ಟ್ ಹಾಕಿದರೆ ಆ ಮೆಟ್ಟಿಲು ಅದರ ಬದಿಯನ್ನು ದಿನಾ ಕೆರೆಯುತ್ತದೆ. ಘಾಟಿ ರೋಡು ಬೆಲ್ಟ್ ತಿನ್ನುತ್ತದೆ ಅನ್ನುವುದರಲ್ಲಿ ಇಷ್ಟು ಮಾತ್ರ ಸತ್ಯ: ಅದು ಮೊದಲು ಪುಲ್ಲಿ ತಿನ್ನುತ್ತದೆ. ಜೊತೆಗೆ ಒಳಗಿನ ಫೇಸನ್ನು ಹೊರಕ್ಕೆ ತಳ್ಳುವ ಆರು ರೋಲರಲ್ಲಿ ನಾಲ್ಕು ಒಂದು ಕಡೆ ಚಪ್ಪಟೆ. ಆ ಫೇಸ್ ದಾರಿ ತಪ್ಪದ ಹಾಗೆ ಹಿಡಿಯುವ ಸ್ಲೈಡರ್ ಕೈಯಲ್ಲೇ ಗಡಗಡ ಅನ್ನುತ್ತಿತ್ತು. ಎರಡು ಸಲ ಬೆಲ್ಟ್ ಹಾಕಿದವರು ಇದನ್ನೆಲ್ಲ ಕಣ್ಣಿಂದ ನೋಡಿಯೂ ಮುಚ್ಚಿದ್ದರು.

ಇನ್ನೊಂದು, ಇದು ಮುಖ್ಯ. ವೇರಿಯೇಟರ್, ಅಂದರೆ ರೋಲರ್ ಕೂರುವ ಒಳಗಿನ ಫೇಸ್, ಅದರ ಹಿಂದೆ ಕೇಸಿನ ಮೇಲೆ ತೆಳ್ಳಗೆ ಕಪ್ಪು ಪದರ ಇತ್ತು. ಬೆರಳಿಗೆ ತಗೊಂಡು ಉಜ್ಜಿದೆ. ಗ್ರೀಸ್ ಆಗಿದ್ದರೆ ಅಂಟುತ್ತದೆ, ಇದು ನೀರಾಗಿತ್ತು. ಇಂಜಿನ್ ಆಯಿಲ್. ಅಂದರೆ ಕ್ರ್ಯಾಂಕಿನ (ಇಂಜಿನ್ನಿನ ತಿರುಗುವ ದಂಡದ) ಎಡಗಡೆ ಎಣ್ಣೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲ್, ಬೆವರುತ್ತಿದೆ. ಸ್ವಲ್ಪವೇ ಆದರೂ ಫ್ಯಾನ್ ಅದನ್ನು ಬೆಲ್ಟಿನವರೆಗೆ ಒಯ್ಯುತ್ತದೆ. ಎಣ್ಣೆ ತಾಗಿದ ಬೆಲ್ಟ್ ಜಾರುತ್ತದೆ, ಜಾರಿದ್ದು ಕಾಯುತ್ತದೆ, ಕಾದದ್ದು ಗಾಜಿನ ಹಾಗೆ ಹೊಳಪಾಗುತ್ತದೆ. ಸೀಲಿನ ಬೆಲೆ 60–70 ರೂಪಾಯಿ. ಅಷ್ಟರಲ್ಲಿ ಎರಡು ಬೆಲ್ಟ್ ಉಳಿಯುತ್ತಿತ್ತು.

ಆದರೂ ನಾನು ಒಮ್ಮೆಗೇ ಎಲ್ಲ ಬದಲಾಯಿಸಲಿಲ್ಲ. ದುಡ್ಡು ಉಳಿಸಲು ಹೋಗಿ ಎರಡು ತಪ್ಪು ಮಾಡಿದೆ.

ಮೊದಲನೆಯದು, ಮುರಿದ ಹೊರಗಿನ ಫೇಸ್ ಮಾತ್ರ ಹೊಸದು ತಂದೆ. ಒಳಗಿನ ವೇರಿಯೇಟರ್ ಫೇಸಿನ ಮೆಟ್ಟಿಲನ್ನು ಎಮರಿ ಪೇಪರಲ್ಲಿ ಉಜ್ಜಿ ಸಮ ಮಾಡಿದೆ. ಎರಡು ಗಂಟೆ ಉಜ್ಜಿರಬೇಕು. ಕಣ್ಣಿಗೆ ಚೆಂದ ಕಂಡಿತು, ಆದರೆ ಕೈಯಲ್ಲಿ ಉಜ್ಜಿದ ಮೇಲೆ ಕೋನ ಉಳಿಯಲ್ಲ. ಗಾಡಿ ಹೊರಡುವಾಗ ನಡುಗಲು ಶುರು ಮಾಡಿತು. ಎಮರಿ ಪೇಪರ್ ಹೊಳಪು ತೆಗೆಯಲು ಸಾಕು, ಮೆಟ್ಟಿಲು ತೆಗೆಯಲು ಬಳಸಬೇಡಿ.

ಎರಡನೆಯದರ ಬೆಲೆ ಜಾಸ್ತಿ. ಬೆಲ್ಟ್ ಕೂರಿಸಿ, ಫೇಸ್ ಇಟ್ಟು, ನಟ್ ಬಿಗಿ ಮಾಡಿದೆ. ಬಿಗಿಯಾಯಿತು ಅಂತಲೇ ಅಂದುಕೊಂಡೆ. ನಿಜವಾಗಿ ಬೆಲ್ಟ್ ಎರಡು ಫೇಸಿನ ನಡುವೆ ಸಿಕ್ಕಿಹಾಕಿಕೊಂಡಿತ್ತು, ಹೊರ ಫೇಸ್ ಬಾಸಿಗೆ ತಾಗಿಯೇ ಇರಲಿಲ್ಲ. ಹೊಸ ಬೆಲ್ಟ್ ಗಟ್ಟಿ ಇರುವುದರಿಂದ ಕೈಗೆ ಮೋಸ ಮಾಡುತ್ತದೆ. ಒಂದು ದಿನ ಓಡಿತು, ಸುಮಾರು 40 ಕಿಲೋಮೀಟರ್. ವಾಪಸ್ ಬರುವಾಗ ಊರ ಹತ್ತಿರ ಕಟಕಟ ಅನ್ನುವ ಸದ್ದು. ಬಿಚ್ಚಿದರೆ ನಟ್ ಸಡಿಲ, ಹೊಸ ಫೇಸನ್ನು ಕ್ರ್ಯಾಂಕಿಗೆ ಕಚ್ಚಿಸುವ ಸ್ಪ್ಲೈನ್ ಹಲ್ಲು ತೇದು ಹೋಗಿದೆ, ಬೆಲ್ಟಿನ ಅಂಚು ಕಿತ್ತಿದೆ. ಕ್ರ್ಯಾಂಕಿನ ಹಲ್ಲು ಉಳಿದದ್ದು ನನ್ನ ಪುಣ್ಯ. ಅದು ಹೋಗಿದ್ದರೆ ಇಂಜಿನ್ ಬಿಚ್ಚಬೇಕಿತ್ತು.

ಈ ಕೆಲಸದಲ್ಲಿ ಎಲ್ಲರೂ ನೆನಪಿಡಬೇಕಾದ ಜಾಗ ಇದು. ಫೇಸ್ ಇಡುವ ಮೊದಲು ಹಿಂದಿನ ಪುಲ್ಲಿಯನ್ನು ಕೈಯಲ್ಲಿ ಬಿಡಿಸಿ, ಬೆಲ್ಟನ್ನು ಅದರ ಆಳಕ್ಕೆ ಇಳಿಸಬೇಕು. ಸ್ಪ್ರಿಂಗ್ ಗಟ್ಟಿ, ಹೆಬ್ಬೆರಳು ನೋಯುತ್ತದೆ. ಹಾಗೆ ಇಳಿಸಿದರೆ ಮುಂದೆ ಬೆಲ್ಟ್ ಸಡಿಲ ಬರುತ್ತದೆ. ಆಮೇಲೆ ಫೇಸ್ ಇಟ್ಟು, ನಟ್ಟನ್ನು ಬೆರಳಲ್ಲೇ ಪೂರ್ತಿ ತಿರುಗಿಸಿ ನೋಡಿ. ಕ್ರ್ಯಾಂಕಿನ ಸ್ಪ್ಲೈನ್ ಹಲ್ಲು ಫೇಸಿನ ಹೊರಗೆ ಇಣುಕಬೇಕು. ಇಣುಕದಿದ್ದರೆ ಬೆಲ್ಟ್ ಸಿಕ್ಕಿಕೊಂಡಿದೆ. ನಟ್ ಬಿಗಿಯಾದ ಮೇಲೂ ಮುಂದಿನ ಬೆಲ್ಟ್ ಬೆರಳಲ್ಲಿ ಒತ್ತಿದರೆ ಆಡಬೇಕು. ಇಂಜಿನ್ ಚಾಲೂ ಮಾಡಿ ನಾಲ್ಕು ಸಲ ರೇಸ್ ಕೊಟ್ಟರೆ ಅದೇ ತನ್ನ ಜಾಗಕ್ಕೆ ಬರುತ್ತದೆ.

ಮೂರನೇ ಸಲ ಕಂಜೂಸು ಮಾಡಲಿಲ್ಲ. ಎರಡೂ ಫೇಸ್, ಬೆಲ್ಟ್, ಆರು ರೋಲರ್, ಮೂರು ಸ್ಲೈಡರ್, ಆಯಿಲ್ ಸೀಲ್, ಕವರ್ ಪ್ಯಾಕಿಂಗ್. ಬಿಲ್ಲೆಲ್ಲ ಇಟ್ಟಿಲ್ಲ, ನೆನಪಿನ ಮೇಲೆ 2,300 ಆಸುಪಾಸು. ಬೆಲ್ಟ್ ಒಂದಕ್ಕೇ 550 ಕೊಟ್ಟೆ. 280ಕ್ಕೂ ಸಿಗುತ್ತದೆ, ಅದನ್ನು ಎರಡು ಸಲ ಹಾಕಿಸಿ ನೋಡಿದ್ದಾಯಿತು. ಹಳೇ ಸೀಲಿಗೆ ಸಣ್ಣ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದೆ, ಕ್ರ್ಯಾಂಕಿಗೆ ಗೀರು ಬೀಳದ ಹಾಗೆ. ಹೊಸದನ್ನು ಅದರ ಅಳತೆಯ ಪಿವಿಸಿ ಪೈಪ್ ತುಂಡಿಟ್ಟು ಒಂದೇ ಸಮ ತಟ್ಟಿ ಕೂರಿಸಿದೆ. ಫೇಸುಗಳನ್ನು ಥಿನ್ನರಲ್ಲಿ ಒರೆಸಿದೆ, ಆಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಬೆಲ್ಟಿನ ಬಾಣ ಓಡುವ ದಿಕ್ಕಿಗೆ. ರೋಲರಿಗೆ ಗ್ರೀಸ್ ಹಾಕಬೇಡಿ, ನನ್ನ ಗಾಡಿಗೆ ಬೇಡ. ಹಿಂದಿನ ಪುಲ್ಲಿ ಒಳಗೆ ಮಾತ್ರ ಬೇಕು, ಅದೂ ಬೆರಳ ತುದಿಯಷ್ಟು. ಜಾಸ್ತಿ ತುಂಬಿದರೆ ಅದು ಬೆಲ್ಟಿನ ಮೇಲೇ ಬಂದು ಕೂರುತ್ತದೆ. ಕವರಿನ ಬೋಲ್ಟುಗಳು ಉದ್ದ ಗಿಡ್ಡ ಇರುತ್ತವೆ. ರಟ್ಟಿನ ಮೇಲೆ ಕವರ್ ಚಿತ್ರ ಬರೆದು, ಆಯಾ ಜಾಗಕ್ಕೇ ಬೋಲ್ಟ್ ಚುಚ್ಚಿಟ್ಟೆ. ಅಲ್ಯೂಮಿನಿಯಂ ಥ್ರೆಡ್ ಒಂದು ಸಲ ಹೋದರೆ ಕಥೆ ಬೇರೆಯೇ ಆಗುತ್ತದೆ. ಕೆಲಸ ಮುಗಿಯಲು ನಾಲ್ಕು ಗಂಟೆ. ಈಗ ಅದನ್ನೇ ಒಂದೂವರೆ ಗಂಟೆಯಲ್ಲಿ ಮಾಡುತ್ತೇನೆ, ಏರ್ ಗನ್ ಇಲ್ಲದೆ.

ಗಾಡಿ ಸರಿಯಾದ ಮೇಲೆ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಒಂದು ಗ್ರಾಂ ಹಗುರದ ರೋಲರ್ ಸೆಟ್ ತರಿಸಿ ಹಾಕಿದೆ. ಕೈಮರದ ಏರಲ್ಲಿ ಬಹಳ ಖುಷಿ ಕೊಟ್ಟಿತು. ಇಬ್ಬರು ಕೂತರೂ ಉಸಿರು ಕಟ್ಟಲಿಲ್ಲ. ಆದರೆ ಕಡೂರು ರೋಡಲ್ಲಿ 60 ದಾಟಿದರೆ ಇಂಜಿನ್ ಒಂದೇ ಸಮ ಕೂಗುತ್ತದೆ. ಲೀಟರಿಗೆ 45 ಕೊಡುತ್ತಿದ್ದದ್ದು 40ಕ್ಕೆ ಇಳಿಯಿತು. ಆಮೇಲೆ ಹಗುರದ್ದು ಮೂರು, ಮಾಮೂಲಿದು ಮೂರು, ಒಂದು ಬಿಟ್ಟು ಒಂದು ಹಾಕಿದೆ. ಏರೂ ಸಿಕ್ಕಿತು, 43ರ ತನಕ ಮೈಲೇಜೂ ಬಂತು. ಈಗಲೂ ಅದೇ ಇದೆ. ಯಾವ ತೂಕಕ್ಕೆ ಯಾವುದನ್ನು ಸೇರಿಸಿದೆ ಅಂತ ಕೇಳಬೇಡಿ, ಅದನ್ನು ಕಂಡುಕೊಳ್ಳಲು ನಾನು ಮೂರು ಸೆಟ್ಟಿನ ದುಡ್ಡು ಹಾಕಿದ್ದೇನೆ.

ಇನ್ನೊಂದು ಪ್ರಯೋಗ ಪೂರ್ತಿ ಕೆಟ್ಟಿತು. ಹಳೇ ಅಕ್ಕಿ ಮಿಲ್ಲುಗಳಲ್ಲಿ ಚಪ್ಪಟೆ ಬೆಲ್ಟಿಗೆ ರಾಳದ ಪುಡಿ ಎರಚುವುದು ಕಂಡಿದ್ದೆ. ಹಳೇ ಬೆಲ್ಟಿಗೆ ಅದನ್ನು ಸವರಿ, ಹಳೇ ಫೇಸ್ ಹಾಕಿ, ಮನೆ ಸುತ್ತ ಓಡಿಸಿ ನೋಡಿದೆ. ಮೊದಲ ನೂರು ಅಡಿ ಚೆನ್ನಾಗಿ ಹಿಡಿಯಿತು. ಆಮೇಲೆ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿತು. ಸುಟ್ಟ ವಾಸನೆ ಬಂತು. ಫೇಸಿನ ಮೇಲೆ ರಾಳ ಅಂಟಾಗಿ ಕೂತಿತ್ತು. ಸ್ಕೂಟರಲ್ಲಿ ಬೆಲ್ಟ್ ಫೇಸಿನ ಮೇಲೆ ಮೇಲಕ್ಕೂ ಕೆಳಕ್ಕೂ ಜಾರಿ ಗೇರ್ ಬದಲಾಗಬೇಕು. ಅಂಟಿಕೊಂಡರೆ ಆ ಕೆಲಸವೇ ನಿಲ್ಲುತ್ತದೆ.

ಮುರಿದ ಫೇಸ್, ಹಾಳಾದ ಬೆಲ್ಟ್, ಟೂಲ್, ರೋಲರ್ ಪ್ರಯೋಗ ಎಲ್ಲ ಸೇರಿಸಿದರೆ ನನಗೆ 5 ಸಾವಿರದ ಹತ್ತಿರ ಬಿದ್ದಿದೆ. ಗ್ಯಾರೇಜಿಗೇ ಕೊಟ್ಟಿದ್ದರೆ ಇಷ್ಟು ದೂರಕ್ಕೆ ಮೂರು ಬೆಲ್ಟ್, ಮೂರು ಕೂಲಿ ಆಗುತ್ತಿತ್ತು, ದಾರಿಯಲ್ಲಿ ನಿಂತ ದಿನಗಳು ಬೇರೆ. ನಾನಂತೂ 6 ಸಾವಿರಕ್ಕೊಮ್ಮೆ ಕವರ್ ತೆಗೆದು ದೂಳು ಊದಿ, ಅಳತೆ ನೋಡಿ, ಮುಚ್ಚುತ್ತೇನೆ. ಅಗಲ ಸರಿ ಇದ್ದರೂ 24 ಸಾವಿರಕ್ಕೆ ಈ ಬೆಲ್ಟ್ ತೆಗೆದುಬಿಡುತ್ತೇನೆ. ಮಳೆಯಲ್ಲಿ ಆ ತಿರುವಲ್ಲಿ ಇನ್ನೊಂದು ಸಲ ನಿಲ್ಲಲು ನನಗೆ ಇಷ್ಟ ಇಲ್ಲ.

ಮೊನ್ನೆ ಭಾವ ತಮ್ಮ ಗಾಡಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಹೊರಡುವಾಗ ನಡುಗುತ್ತದಂತೆ. "ನೀನೇ ಒಂದ್ಸಲ ನೋಡು" ಅಂದರು. ಕವರ್ ಕೆಳಗೆ ಕೈ ಹಾಕಿದೆ, ಬೆರಳಿಗೆ ಎಣ್ಣೆ ಹತ್ತಿತು, ತೆಳ್ಳಗಿನದು. ಸೀಲ್ ತಂದಿಟ್ಟಿದ್ದೇನೆ. ಭಾನುವಾರ ಬಿಚ್ಚಬೇಕು.