ಎಕ್ಸೆಲ್ ಹಿಡಿದು ಹಾಳೆ ತಟ್ಟೆ ಮಾರಿದ ಅನುಭವ

‘ಎಕ್ಸೆಲ್ ನೋಡ್ಕೊಂಡು ತಟ್ಟೆ ಮಾರ್ತೀಯಾ ಮಾರಾಯ?’ ಎಂದು 2020ರಲ್ಲಿ ನನ್ನನ್ನು ನೋಡಿ ನಕ್ಕವರಲ್ಲಿ ಇಬ್ಬರು ಈಗ ಅದೇ ಎಕ್ಸೆಲ್ ಫೈಲಿನ ಕಾಪಿ ಕೇಳುತ್ತಿದ್ದಾರೆ. ಇನ್ನೂ ಕೊಟ್ಟಿಲ್ಲ, ಪೂರ್ತಿ ಕೊಡುವ ಯೋಚನೆಯೂ ಇಲ್ಲ. ಆದರೆ ಹೇಗೆ ಮಾಡಿದೆ, ಎಲ್ಲೆಲ್ಲಿ ದುಡ್ಡು ಕಳೆದುಕೊಂಡೆ ಎಂದು ಬರೆಯಲು ಅಡ್ಡಿಯಿಲ್ಲ.

ನಾನು ತಟ್ಟೆ ಮಾಡುವವನಲ್ಲ. ಸಾಗರದಲ್ಲಿ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ನೋಡಿಕೊಂಡಿದ್ದವನು. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಅಡಿಕೆ ಮರದ ಹಾಳೆಯನ್ನು ಒತ್ತಿ ತಟ್ಟೆ ಮಾಡುವ ನಾಲ್ಕು ಘಟಕಗಳಿದ್ದವು. ಮೂರು ಮನೆ ಹಿಂದಿನ ಶೆಡ್ಡಿನವು, ಒಂದು ಮಹಿಳಾ ಸಂಘದ್ದು. ವ್ಯಾಪಾರಿ ಬಂದು ಹತ್ತಿಂಚಿನ ತಟ್ಟೆಗೆ ಎರಡೂಮುಕ್ಕಾಲು, ಜಾಸ್ತಿ ಅಂದರೆ ಮೂರು ರೂಪಾಯಿ ಕೊಟ್ಟು ಒಯ್ಯುತ್ತಿದ್ದ. ಅದೇ ತಟ್ಟೆ ಬೇರೆಯವರ ಡಬ್ಬದಲ್ಲಿ ಯುರೋಪಿಗೆ ಹೋಗುತ್ತಿತ್ತು. 2019ರ ಸೆಪ್ಟೆಂಬರಿನಲ್ಲಿ ಎಲೆ, ಹೂವು, ತೊಗಟೆಯ ತಟ್ಟೆ-ಲೋಟಗಳ ಮೇಲಿದ್ದ ಶೇ 5ರ ಜಿಎಸ್‌ಟಿ ಸೊನ್ನೆಯಾದಾಗ ಎಲ್ಲರಿಗೂ ಖುಷಿಯಾಯಿತು. ತೆರಿಗೆ ಹೋಯಿತು, ನಮ್ಮವರ ದರ ಮಾತ್ರ ಇದ್ದಲ್ಲೇ ಇತ್ತು.

ಹೊರದೇಶದ ಗಿರಾಕಿಯನ್ನು ನಾವೇ ಹುಡುಕೋಣ ಎಂದು ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ದೆಹಲಿಯ ಒಂದು ಮೇಳದಲ್ಲಿ ಮಳಿಗೆ ಹಾಕಿದೆವು. ಬಾಡಿಗೆ, ರೈಲು, ಲಾಡ್ಜು, ಸ್ಯಾಂಪಲ್ಲು ಎಲ್ಲ ಸೇರಿ ಒಂದು ಲಕ್ಷದ ಎಂಬತ್ತು ಸಾವಿರ. ಇನ್ನೂರಕ್ಕೂ ಹೆಚ್ಚು ವಿಸಿಟಿಂಗ್ ಕಾರ್ಡ್ ಬಂದವು, ಆರ್ಡರ್ ಒಂದೂ ಬರಲಿಲ್ಲ. ಆಮೇಲೆ ಆನ್‌ಲೈನ್ ಪೋರ್ಟಲ್ ಒಂದಕ್ಕೆ ವರ್ಷಕ್ಕೆ ನಲವತ್ತು ಸಾವಿರ ಕಟ್ಟಿದೆವು. ದಿನಕ್ಕೆ ಐದಾರು ವಿಚಾರಣೆ ಬರುತ್ತಿತ್ತು. ಅವರಲ್ಲಿ ಅರ್ಧಕ್ಕರ್ಧ ನಮ್ಮಂತೆಯೇ ಗಿರಾಕಿ ಹುಡುಕುತ್ತಿದ್ದ ಭಾರತದ ವ್ಯಾಪಾರಿಗಳು. ಬೇರೆಯವರ ದರ ತಿಳಿಯಲು ಗಿರಾಕಿಯ ವೇಷ ಹಾಕಿದ್ದರು, ಅಷ್ಟೇ.

ಲಾಕ್‌ಡೌನಿನಲ್ಲಿ ಕೈ ಖಾಲಿ ಇದ್ದಾಗ ಅಂಕಿಅಂಶಕ್ಕೆ ಕೈ ಹಾಕಿದೆ. ಯಾವ ದೇಶ ಏನು ಕೊಳ್ಳುತ್ತದೆ, ಮಾರುತ್ತದೆ ಎಂದು ತೋರಿಸುವ ಟ್ರೇಡ್ ಮ್ಯಾಪ್ ಜಾಲತಾಣ ನಮ್ಮಂಥ ದೇಶದವರಿಗೆ ಬಿಟ್ಟಿಯಾಗಿ ಸಿಗುತ್ತಿತ್ತು. ಎರಡು ದಿನ ಬಣ್ಣಬಣ್ಣದ ನಕ್ಷೆ ನೋಡಿ ಮೈಮರೆತೆ. ಮೂರನೇ ದಿನ ತಿಳಿಯಿತು, ನಾನು ನೋಡುತ್ತಿದ್ದುದು ಬುಟ್ಟಿಗಳ ವ್ಯಾಪಾರ! ಆಮದು-ರಫ್ತಿನಲ್ಲಿ ಪ್ರತಿ ಬಗೆಯ ಸರಕಿಗೂ ಒಂದು ಕೋಡ್ ಸಂಖ್ಯೆ ಇರುತ್ತದೆ; 4602 ಎಂಬ ಕೋಡಿನಲ್ಲಿ ಹಾಳೆ ತಟ್ಟೆ ಇರುತ್ತದೆ ಎಂದು ಯಾರೋ ಹೇಳಿದ್ದರು. ಇರುವುದು ನಿಜ. ಆದರೆ ಅಲ್ಲಿ ಚೀನಾ, ವಿಯೆಟ್ನಾಂನ ಹೆಣೆದ ಬುಟ್ಟಿಗಳದೇ ರಾಜ್ಯ. ನಮ್ಮ ತಟ್ಟೆ ಆ ರಾಶಿಯಲ್ಲಿ ಸಾಸಿವೆ ಕಾಳು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಒಬ್ಬ ಮಾರಾಟಗಾರನಿಂದ 4602ರ ಸರಕು ದಾಖಲೆಗಳ (ಯಾರು, ಏನನ್ನು, ಯಾವ ದರಕ್ಕೆ ಕಳಿಸಿದರು ಎಂಬ ಪಟ್ಟಿಯ) ಫೈಲನ್ನು ಅರವತ್ತೈದು ಸಾವಿರ ಕೊಟ್ಟು ತರಿಸಿದೆ. ನಲವತ್ತು ಸಾವಿರ ಸಾಲು. ಹಾಳೆ ತಟ್ಟೆ ಸಿಕ್ಕಿದ್ದು ಇನ್ನೂರು ಮುನ್ನೂರು ಸಾಲಿನಲ್ಲಿ. ಹೆಂಡತಿ ಬಿದಿರು ಬುಟ್ಟಿ ತೋರಿಸಿ ‘ಇದರ ರೇಟು ಗೊತ್ತಾಯ್ತಲ್ಲ’ ಎಂದು ಇವತ್ತಿಗೂ ಕಾಲೆಳೆಯುತ್ತಾಳೆ.

ಆ ಮುನ್ನೂರು ಸಾಲನ್ನು ಒಂದೊಂದಾಗಿ ಓದಿದ್ದೇ ತಿರುವು. ರಫ್ತುದಾರರ ಹೆಸರು ಹಿಡಿದು ಅವರ ಬೇರೆ ಸರಕು ನೋಡಿದೆ. ಅದೇ ಮನುಷ್ಯ, ಅದೇ ತಟ್ಟೆ. ಒಂದು ಸಲ 4602ರಲ್ಲಿ, ಇನ್ನೊಂದು ಸಲ 4823ರಲ್ಲಿ ಕಾಗದದ ತಿರುಳಿನ ಟ್ರೇಗಳ ಜೊತೆ, ಮತ್ತೊಂದು ಸಲ 4419ರಲ್ಲಿ ಮರದ ಪಾತ್ರೆಗಳ ಜೊತೆ. ಉಳಿದದ್ದು 1404 90ರಲ್ಲಿ. ಆ ಕೋಡು ನೋಡಿ ನಗು ಬಂತು. ನಮ್ಮ ದೇಶದ ಪಟ್ಟಿಯಲ್ಲಿ ಅಲ್ಲಿ ಬೀಡಿ ಎಲೆ, ವೀಳ್ಯದೆಲೆ, ಕಾಚು ಇವೆ. ರುದ್ರಾಕ್ಷಿಯೂ ಇದೆ. ತಾಂಬೂಲ ಹಾಕಿಕೊಂಡು ಜಪಕ್ಕೆ ಕೂರಬಹುದು. ಅದರ ಪಕ್ಕದಲ್ಲೇ ನಮ್ಮ ತಟ್ಟೆ.

ಹಾಗಾಗಿ ಕೋಡು ಬಿಟ್ಟು ವಿವರಣೆಯ ಕಾಲಂ ಹಿಡಿದೆ. ಅಲ್ಲಿ ಗುಮಾಸ್ತರು ಕೈಗೆ ಬಂದಂತೆ ಟೈಪಿಸಿರುತ್ತಾರೆ. ಅಡಿಕೆಯ ಇಂಗ್ಲಿಷ್ ಹೆಸರು ಅರೆಕಾ, ಅದೇ ಅರಿಕಾ, ಏರಿಕಾ, ಎರೆಕ್ಕಾ. ಲೀಫ್ ಇದ್ದಲ್ಲಿ ಲೈಫ್. ಪ್ಲೇಟ್ಸ್ ಇದ್ದಲ್ಲಿ ಪ್ಲಾಟ್ಸ್. ‘ಏರಿಕಾ ಲೈಫ್ ಪ್ಲಾಟ್ಸ್’ ಎಂದು ಓದಿದರೆ ಯಾವುದೋ ಲೇಔಟಿನ ಜಾಹೀರಾತು ಅನ್ನಬೇಕು. ಇನ್ನು ಪಾಮ್ ಲೀಫ್, ಬೀಟಲ್‌ನಟ್ ಶೀತ್, ಸುಮ್ನೆ ‘ಇಕೋ ಫ್ರೆಂಡ್ಲಿ’ ಎಂದಷ್ಟೇ ಬರೆದವರೂ ಇದ್ದಾರೆ. ಹೀಗೆ ಕೂಡಿಸುತ್ತಾ ನನ್ನ ಪಟ್ಟಿಯಲ್ಲಿ ಈಗ ಐವತ್ತರ ಹತ್ತಿರ ಕಾಗುಣಿತಗಳಿವೆ. ಜರ್ಮನ್, ಫ್ರೆಂಚ್ ಹೆಸರುಗಳು ಬೇರೆ. ಫೈಲಿನ ಕಾಪಿ ಕೇಳುವವರಿಗೆ ಬೇಕಾಗಿರುವುದು ಇದೇ ಪಟ್ಟಿ.

ಗಿರಾಕಿಯ ಹೆಸರು ಸಿಗುವುದು ಮುಖ್ಯವಾಗಿ ಅಮೆರಿಕದ ಹಡಗು ದಾಖಲೆಗಳಲ್ಲಿ. ಅಲ್ಲಿ ಅದು ಸಾರ್ವಜನಿಕ. ಬೇಡ ಎಂದು ಅರ್ಜಿ ಕೊಟ್ಟವರ ಹೆಸರು ಮಾತ್ರ ಮುಚ್ಚಿರುತ್ತದೆ. ವಿಮಾನದಲ್ಲಿ ಹೋದದ್ದು ಸಿಗುವುದಿಲ್ಲ. ಮೊದಲ ಸುತ್ತಿನಲ್ಲಿ ಸುಮಾರು ನೂರ ನಲವತ್ತು ಇಮೇಲ್ ಕಳಿಸಿದೆ. ಒಂಬತ್ತು ಉತ್ತರ ಬಂತು. ಏಳು ಜನ ‘ನಾವು ಫಾರ್ವರ್ಡರ್, ತಟ್ಟೆ ಕೊಳ್ಳುವವರಲ್ಲ’ ಎಂದರು. ಸರಕು ಪಡೆಯುವವರ ಜಾಗದಲ್ಲಿ ಎಷ್ಟೋ ಸಲ ಸಾಗಣೆ ಏಜೆಂಟರ ಹೆಸರೇ ಇರುತ್ತದೆ ಎನ್ನುವುದು ಈ ವ್ಯಾಪಾರದವರಿಗೆಲ್ಲ ಗೊತ್ತಿರುವ ವಿಷಯ. ನನಗೆ ಆಗ ಗೊತ್ತಿರಲಿಲ್ಲ.

ಉಳಿದ ಇಬ್ಬರಲ್ಲಿ ಒಬ್ಬ ಗಿರಾಕಿಯಾದ. ಅದೇ ನನಗೆ ಇನ್ನೊಂದು ದೊಡ್ಡ ಪೆಟ್ಟು. ದರ ಎಷ್ಟು ಹೇಳಲಿ ಎಂದು ಫೈಲಿನ ಸರಾಸರಿ ತೆಗೆದೆ. ತಟ್ಟೆಗೆ ಮೂರು ರೂಪಾಯಿ ನಲವತ್ತು ಪೈಸೆ ಬಂತು. ಇಪ್ಪತ್ತು ಪೈಸೆ ಸೇರಿಸಿ ಕಳಿಸಿದೆ. ಒಂದು ಗಂಟೆಯೊಳಗೆ ‘ಒಪ್ಪಿಗೆ’ ಎಂದು ಉತ್ತರ! ನಾನು ಕುಣಿದಾಡಿದೆ. ಅಷ್ಟು ಬೇಗ ಯಾರಾದರೂ ಒಪ್ಪುತ್ತಾರಾ ಎಂದು ಯೋಚಿಸಬೇಕಿತ್ತು, ಅಲ್ವಾ? ಆ ಸರಾಸರಿಯಲ್ಲಿ ನಾಲ್ಕಿಂಚಿನ ಬಟ್ಟಲು, ಆರಿಂಚಿನ ತಟ್ಟೆ ಎಲ್ಲ ಸೇರಿದ್ದವು. ನಾನು ಹೇಳಿದ್ದು ಹತ್ತಿಂಚಿಗೆ. ನಲವತ್ತು ಸಾವಿರ ತಟ್ಟೆ, ತಟ್ಟೆಗೆ ಒಂದೂವರೆ ರೂಪಾಯಿ ಕೈಯಿಂದ. ಸಂಘದ ಹೆಂಗಸರಿಗೆ ಮಾತು ಕೊಟ್ಟಿದ್ದ ದರವನ್ನು ನನ್ನ ಜೇಬಿನಿಂದಲೇ ತುಂಬಿಸಿದೆ. ಅವತ್ತಿನಿಂದ ಎಲ್ಲವನ್ನೂ ಕಿಲೋ ಲೆಕ್ಕಕ್ಕೆ ಇಳಿಸುತ್ತೇನೆ. ಹತ್ತಿಂಚಿನ ದುಂಡು ತಟ್ಟೆ ಸುಮಾರು 28 ಗ್ರಾಂ. ದಾಖಲೆಯಲ್ಲಿ ನಗ ಎಂದಿರಲಿ, ಪ್ಯಾಕೆಟ್ ಎಂದಿರಲಿ, ತೂಕ ಸುಳ್ಳು ಹೇಳುವುದು ಕಡಿಮೆ.

2021ರ ಜುಲೈ 3ರಿಂದ ಯುರೋಪು ಪ್ಲಾಸ್ಟಿಕ್ ತಟ್ಟೆ, ಚಮಚಗಳನ್ನು ನಿಲ್ಲಿಸಿತು. ಎಲ್ಲರ ಬಾಯಲ್ಲೂ ಜರ್ಮನಿ. ಅಂಕಿ ನೋಡಿದರೆ ನೆದರ್‌ಲ್ಯಾಂಡ್ಸ್ ಕೂಡ ದೊಡ್ಡದಾಗಿ ಕಾಣುತ್ತಿತ್ತು. ನಾನು ಡಚ್ಚರಿಗೆ ಬರೆದೂ ಬರೆದೂ ಸೋತೆ. ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು ಅಲ್ಲೇ ಕಸ್ಟಮ್ಸ್ ಮುಗಿಸಿದ್ದೆಲ್ಲ ಅವರ ಲೆಕ್ಕಕ್ಕೆ ಹೋಗುತ್ತದೆ, ಊಟ ಮಾಡುವವರು ಎಷ್ಟೋ ಸಲ ಬೇರೆ ದೇಶದವರು. ಇದು ಹೊಳೆದ ಮೇಲೆ ಯುರೋಪಿನ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟ್ಯಾಟ್‌ನಲ್ಲಿ ಪ್ರಶ್ನೆ ತಿರುಗಿಸಿದೆ. ಭಾರತದಿಂದ ಯಾರು ಕೊಳ್ಳುತ್ತಾರೆ ಎಂದು ಕೇಳುವ ಬದಲು ನೆದರ್‌ಲ್ಯಾಂಡ್ಸ್, ಜರ್ಮನಿಗಳಿಂದ ಮರುಮಾರಾಟದಲ್ಲಿ ಯಾರು ಕೊಳ್ಳುತ್ತಿದ್ದಾರೆ, ಕಿಲೋಗೆ ಎಷ್ಟು ಕೊಡುತ್ತಿದ್ದಾರೆ ಎಂದು ನೋಡಿದೆ. ನೆನಪಿನಿಂದ ಹೇಳುವುದಾದರೆ, ಜರ್ಮನಿ ನಮ್ಮಿಂದ ಕೊಳ್ಳುತ್ತಿದ್ದುದು ಕಿಲೋಗೆ ಎರಡೂವರೆ ಯೂರೋ ಆಸುಪಾಸು. ಚೆಕ್ ದೇಶದವರು ಎರಡನೇ ಕೈಯಿಂದ ನಾಲ್ಕಕ್ಕೂ ಜಾಸ್ತಿ ಕೊಡುತ್ತಿದ್ದರು. ಆ ನಡುವಿನ ಒಂದೂವರೆ ಯೂರೋದಲ್ಲಿ ನಮಗೂ ಅವರಿಗೂ ಪಾಲಿದೆ ಅನ್ನಿಸಿತು. ಬ್ರನೋ ಊರಿನ ಒಬ್ಬ ಸಣ್ಣ ಹೋಲ್‌ಸೇಲ್ ವ್ಯಾಪಾರಿ ಸಿಕ್ಕಿದ್ದು ಹಾಗೆ. ಹೆಸರಿಲ್ಲದ ಅಂಕಿಯಿಂದ ಅವನ ಹೆಸರಿಗೆ ಹೇಗೆ ತಲುಪಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಡ್ಡದಾರಿಯಲ್ಲ, ಬರೀ ತಾಳ್ಮೆಯ ಕೆಲಸ.

ಆ ಹೊತ್ತಿಗೆ ನಮ್ಮಲ್ಲೇ ದಾಖಲೆ ಸಿಗುವುದು ಬಿಗಿಯಾಯಿತು. 2022ರ ಬಜೆಟ್ಟಿನಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಎಂಬ ಸೆಕ್ಷನ್ ಸೇರಿತು. ಆಮದು-ರಫ್ತುದಾರರ ಸರಕಿನ ವಿವರ ಹೊರಹಾಕಿದರೆ ಆರು ತಿಂಗಳವರೆಗೆ ಜೈಲಾಗಬಹುದು. ಕದ್ದ ಫೈಲು ಮಾರುವವರು ಈಗಲೂ ಫೋನ್ ಮಾಡುತ್ತಾರೆ. ನಾನು ಕೊಳ್ಳುವುದಿಲ್ಲ. ಬಿಟ್ಟಿಯಾಗಿ, ಕಾನೂನಾಗಿ ಸಿಗುವುದರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ.

ಬ್ರನೋಗೆ ಹೋದ ಮೊದಲ ಎಲ್‌ಸಿಎಲ್ (ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಹೋಗುವ ಸಣ್ಣ ಸರಕು) ಸರಿಯಾಗಿ ತಲುಪಿತು. ಎರಡನೆಯದು ಆಗಸ್ಟಿನಲ್ಲಿ ಹೊರಟಿತು. ಸಾಗರದ ಆಗಸ್ಟ್ ಹೇಗಿರುತ್ತದೆ ಎಂದು ಬಲ್ಲವರೇ ಬಲ್ಲರು. ನೂರ ಎಂಬತ್ತು ಪೆಟ್ಟಿಗೆಯಲ್ಲಿ ಮೂವತ್ತೊಂದಕ್ಕೆ ಬೂಷ್ಟು. ಅವನು ಫೋಟೋ ಕಳಿಸಿದ. ಹೊಳೆಯುವ ಶ್ರಿಂಕ್ ಪ್ಲಾಸ್ಟಿಕ್ಕಿನೊಳಗೆ ತಟ್ಟೆಯ ಅಂಚಿನಲ್ಲಿ ಬೂದಿ ಬಣ್ಣದ ಕೂದಲು. ಸುಮಾರು ಒಂಬೈನೂರು ಯೂರೋ ಬಿಟ್ಟುಕೊಟ್ಟೆ. ತಪ್ಪು ನಮ್ಮದೇ. ಪ್ರೆಸ್ಸಿನಿಂದ ಬಿಸಿಬಿಸಿ ತೆಗೆದ ತಟ್ಟೆಯನ್ನು ಅದೇ ಸಂಜೆ ಸುತ್ತಿಬಿಟ್ಟಿದ್ದೆವು, ಒಳಗಿನ ತೇವ ಒಳಗೇ ಉಳಿಯಿತು. ಈಗ ಎರಡು ದಿನ ಬಿಡಿಬಿಡಿಯಾಗಿ ಒಣಕೋಣೆಯಲ್ಲಿಡುತ್ತೇವೆ. ತೇವದ ಮೀಟರು 8ರ ಮೇಲೆ ತೋರಿಸಿದರೆ ಅವತ್ತು ಪ್ಯಾಕಿಂಗ್ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಡಗಿಗೆ ಕೊಡುವುದೇ ಇಲ್ಲ. ಸಂಘದ ಅಧ್ಯಕ್ಷೆ ಈಗ ಮೀಟರ್ ನೋಡುವ ಮೊದಲೇ ತಟ್ಟೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ‘ಇದು ಇನ್ನೂ ಹಸಿ’ ಎನ್ನುತ್ತಾಳೆ. ಹತ್ತರಲ್ಲಿ ಒಂಬತ್ತು ಸಲ ಸರಿ ಇರುತ್ತದೆ.

ನಡುವೆ ಒಂದು ಚಪಲ. ನಮ್ಮ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿಗೂ ಇದೇ ವಿಧಾನ ಹಾಕಿ ನೋಡಿದೆ. ಮೂರು ತಿಂಗಳು ಉಪ್ಪಿನಕಾಯಿಯ ಕೋಡು 2001 90 ಅಗೆದೆ. ಎಲ್ಲ ದೇಶದ ಬಗೆಬಗೆಯ ಉಪ್ಪಿನಕಾಯಿ ಅಲ್ಲೇ. ಅಪ್ಪೆಮಿಡಿ ಹೋಗುವುದು ಯಾರದೋ ಕಿರಾಣಿ ಕಂಟೇನರಿನ ಮೂಲೆಯಲ್ಲಿ, ಅವಲಕ್ಕಿ-ಹಪ್ಪಳದ ನಡುವೆ. ದಾಖಲೆಯಲ್ಲಿ ಅದರ ಸುಳಿವೇ ಇಲ್ಲ. ಕೊನೆಗೆ ದುಬೈಯಲ್ಲಿರುವ ನಮ್ಮೂರ ಹುಡುಗನೊಬ್ಬ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ, ನಾನೂರು ಬಾಟಲಿ ಒಂದೇ ವಾರದಲ್ಲಿ ಖಾಲಿ. ಅಂಕಿಅಂಶ ಅಲ್ಲಿ ಪೂರಾ ಸೋತಿತು, ಒಪ್ಪುತ್ತೇನೆ.

ಈಗ ದುಡ್ಡಿನ ವಿಷಯ. ಇಪ್ಪತ್ತಡಿ ಕಂಟೇನರಿಗೆ ಹತ್ತಿಂಚಿನ ತಟ್ಟೆ 1.2 ಲಕ್ಷ ಹಿಡಿಯುತ್ತದೆ. ತೂಕ ಮೂರೂವರೆ ಟನ್ನೂ ಆಗುವುದಿಲ್ಲ, ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ಎಫ್‌ಒಬಿ ದರ, ಅಂದರೆ ಹಡಗಿಗೆ ಏರಿಸುವವರೆಗಿನ ಖರ್ಚು ಸೇರಿದ ದರ, ತಟ್ಟೆಗೆ ಐದೂವರೆಯ ಮೇಲೆ ಸಿಗುತ್ತಿದೆ. ಪೆಟ್ಟಿಗೆ, ಲಾರಿ, ಕ್ಲಿಯರಿಂಗ್, ನನ್ನ ಶೇ 4 ಕಮಿಷನ್ ಕಳೆದು ಘಟಕಕ್ಕೆ ನಾಲ್ಕೂವರೆಗಿಂತ ಸ್ವಲ್ಪ ಜಾಸ್ತಿ ಸೇರುತ್ತದೆ. ಹಿಂದೆ ಮೂರು ಇತ್ತು, ನೆನಪಿರಲಿ. ವರ್ಷಕ್ಕೆ ಆರು ಕಂಟೇನರ್ ಹೋಗುತ್ತಿವೆ. ನನ್ನ ಪಾಲು ಒಂದು ಲಕ್ಷದ ಅರವತ್ತು ಸಾವಿರದ ಹತ್ತಿರ. ನಾನು ಕಳೆದದ್ದು ಒಟ್ಟು ಐದೂವರೆ ಲಕ್ಷ, ಅದು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಇದರಿಂದ ಕಾರು ತೆಗೆದುಕೊಂಡೆ ಎಂದು ಊರಲ್ಲಿ ಸುದ್ದಿ ಇದೆ. ಕಾರು ಮಾವನದು.

2024ರ ಕೊನೆಯಲ್ಲಿ ಮತ್ತೆ ಆಸೆ ಹುಟ್ಟಿತು. ಅಮೆರಿಕದ ದಾಖಲೆಯಲ್ಲಿ ಒಬ್ಬ ಆಮದುದಾರ ಕಂಡ. ಎರಡು ತಿಂಗಳಿಗೊಮ್ಮೆ ತಪ್ಪದೆ ತರಿಸುತ್ತಿದ್ದವನ ಸರಕು ಐದು ತಿಂಗಳಿಂದ ನಿಂತಿತ್ತು. ಇಂಥ ಬಿಡುವು ಕಂಡರೆ ನಾನು ಬಿಡುವುದಿಲ್ಲ. ಅವನ ಹಳೆಯ ಪೂರೈಕೆದಾರನ ಜೊತೆ ಏನೋ ಕೆಟ್ಟಿದೆ ಎಂದರ್ಥ. ಬರೆದೆ, ಉತ್ತರ ಬಂತು, ಉದ್ದನೆ ಟ್ರೇ ಬೇಕೆಂದ. ಹದಿನೆಂಟು ಸಾವಿರದ ಹೊಸ ಡೈ (ಅಚ್ಚು) ಹಾಕಿಸಿದೆವು. ಮುನ್ನೂರ ಎಂಬತ್ತು ಪೆಟ್ಟಿಗೆ ತಯಾರಾದವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕ ಊಟಕ್ಕೆ ಇಳಿಯಬಹುದು, ಆಹಾರಕ್ಕೆ ಈ ತಟ್ಟೆ ಬಳಸಲು ಒಪ್ಪಿಗೆಯಿಲ್ಲ ಎಂದಿತು. ಆರ್ಡರ್ ರದ್ದು. ಆಗಸ್ಟಿನಲ್ಲಿ ಶೇ 50 ಸುಂಕವೂ ಬಿತ್ತು, ಆದರೆ ನಮ್ಮ ಕಥೆ ಅಷ್ಟರಲ್ಲೇ ಮುಗಿದಿತ್ತು. ಆ ಟ್ರೇಗಳು ಊರಿನ ಮದುವೆಗಳಲ್ಲಿ ಕೋಸಂಬರಿ, ಚಿಪ್ಸ್ ಬಡಿಸಲು ಅರ್ಧ ಬೆಲೆಗೆ ಹೋದವು. ಇನ್ನೂ ಅರವತ್ತು ಪೆಟ್ಟಿಗೆ ನಮ್ಮ ಅಟ್ಟದಲ್ಲಿವೆ. ಬೇಕಾದವರು ಹೇಳಿ.

ಈಗ ಅಮೆರಿಕಕ್ಕೆ ಕಳಿಸುತ್ತಿದ್ದವರೆಲ್ಲ ಯುರೋಪಿನ ಕಡೆ ತಿರುಗಿದ್ದಾರೆ. ಜರ್ಮನಿಯ ಕಿಲೋ ದರ ತಿಂಗಳಿಂದ ತಿಂಗಳಿಗೆ ಇಳಿಯುವುದು ನನ್ನ ಹಾಳೆಯಲ್ಲಿ, ಅಂದರೆ ಎಕ್ಸೆಲ್ ಹಾಳೆಯಲ್ಲಿ, ಕಾಣುತ್ತಿದೆ. ಬ್ರನೋದವನು ದರ ಇಳಿಸಲು ಕೇಳಿಲ್ಲ. ಆದರೆ ಹೋದ ತಿಂಗಳು ಬೇರೆ ಒಂದು ಕೇಳಿದ. ತಟ್ಟೆಯಲ್ಲಿ ಬಿಸಿ ಸಾರು ಅರ್ಧ ಗಂಟೆ ನಿಂತರೆ ಅದಕ್ಕೆ ಏನೇನು ಇಳಿಯುತ್ತದೆ ಎಂದು ಪರೀಕ್ಷೆ ಮಾಡಿಸಿ ವರದಿ ಕಳಿಸಿ ಎಂದ. ನಾಲ್ಕೂ ಘಟಕದಿಂದ ಆರಾರು ತಟ್ಟೆ ಲ್ಯಾಬಿಗೆ ಹೋಗಿವೆ. ಶುಲ್ಕ ಮೂವತ್ತೆಂಟು ಸಾವಿರ, ನಾಲ್ವರೂ ಹಂಚಿಕೊಂಡರು. ಮೂರು ವಾರ ಬೇಕು ಎಂದಿದ್ದಾರೆ. ಅಲ್ಲಿಯವರೆಗೆ ಮುಂದಿನ ಕಂಟೇನರ್ ಬುಕ್ ಮಾಡಿಲ್ಲ.