ಅರ್ಧ ಫ್ಯಾಟಿ ಆ್ಯಸಿಡ್‌ನಲ್ಲೇ ಫಾಸ್ಫೇಟ್ ತೇಲಿತು

"ಕಲೆಕ್ಟರ್ ಅರ್ಧಕ್ಕೆ ಇಳಿಸಿದರೆ ರಿಕವರಿ ನೆಲಕಚ್ಚುತ್ತದೆ" ಅಂತ ಜೊತೆಯವರೆಲ್ಲ ಹೇಳಿದ್ದರು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಗಾಳಿ ಊದಿ, ಫಾಸ್ಫೇಟ್ ಕಣಗಳನ್ನು ನೊರೆಯ ಜೊತೆ ತೇಲಿಸಿ ತೆಗೆಯುವುದು ನಮ್ಮ ಕೆಲಸ. ಕಣ ಗುಳ್ಳೆಗೆ ಅಂಟಲಿ ಅಂತ ಹಾಕುವ ಫ್ಯಾಟಿ ಆ್ಯಸಿಡ್ಡೇ ಕಲೆಕ್ಟರ್; ಅದಿರಿನ ಫಾಸ್ಫೇಟ್‌ನಲ್ಲಿ ಕೈಗೆ ಸಿಗುವ ಪಾಲೇ ರಿಕವರಿ. ಮೂರು ತಿಂಗಳಿಂದ ನಮ್ಮ ಸೆಲ್‌ಗಳು (ತೇಲಿಸುವ ತೊಟ್ಟಿಗಳು) ಅರ್ಧ ಡೋಸ್‌ನಲ್ಲೇ ಓಡುತ್ತಿವೆ.

ನಮ್ಮದು ಸಿಲಿಕಾ (ಮರಳು) ಜಾಸ್ತಿ ಇರುವ ಅದಿರು. ಸೆಲ್‌ಗೆ ಹೋಗುವ ಅದಿರು ಸುಮಾರು 18 ಪರ್ಸೆಂಟ್ ಪಿ2ಓ5, ಫಾಸ್ಫೇಟ್ ಅಳೆಯುವುದು ಇದರಲ್ಲೇ. ಟನ್ನಿಗೆ 1.2 ಕೆಜಿ ಫ್ಯಾಟಿ ಆ್ಯಸಿಡ್ ಸುರಿದರೂ ತೇಲಿ ಬಂದ ಮಾಲು, ಅಂದರೆ ಕಾನ್ಸಂಟ್ರೇಟ್, 27 ಪರ್ಸೆಂಟ್ ದಾಟುತ್ತಿರಲಿಲ್ಲ. ರೀಏಜೆಂಟ್ ಖರ್ಚಿನ ಮುಕ್ಕಾಲು ಪಾಲು ಅದೊಂದಕ್ಕೇ ಹೋಗುತ್ತಿತ್ತು.

ಗ್ರೇಡ್ (ಆ ಪರ್ಸೆಂಟ್) ಏರಲಿ ಅಂತ, ಮರಳು ತೇಲದಂತೆ ತಡೆಯುವ ಸೋಡಿಯಂ ಸಿಲಿಕೇಟ್ ಹೆಚ್ಚಿಸುತ್ತಾ ಹೋದೆ. ಟನ್ನಿಗೆ 500 ಗ್ರಾಂ ಇದ್ದದ್ದು 1500ರ ಹತ್ತಿರ ಬಂತು. ಮರಳು ಕೆಳಗೆ ಕೂತಿತು, ಅದರ ಜೊತೆ ನಮಗೆ ಬೇಕಾದ ಫಾಸ್ಫೇಟ್ ಖನಿಜ ಅಪಟೈಟ್ ಕೂಡ ಕೂತಿತು. ಟೇಲಿಂಗ್ (ತೇಲದೆ ಉಳಿದು ಹೊರಹೋಗುವ ಕಸ) ರಿಪೋರ್ಟ್ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ವಾರದ ದುಡ್ಡು ನೀರುಪಾಲು. ಆಮೇಲೆ ಕಲೆಕ್ಟರ್ ಜೊತೆ ಬೆರೆಸುವ ಡೀಸೆಲ್ ಜಾಸ್ತಿ ಮಾಡಿದೆ, ನೊರೆಯೇ ಸತ್ತಿತು.

ಕೊನೆಗೆ ಅದೇ ಅದಿರನ್ನು ಲ್ಯಾಬ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ತೇಲಿಸಿದೆ. ಟನ್ನಿಗೆ 500 ಗ್ರಾಂ ಕಲೆಕ್ಟರ್‌ಗೇ ದಪ್ಪ ನೊರೆ! ಕಳ್ಳ ಸಿಕ್ಕಿದ. ಟೇಲಿಂಗ್ ಕೆರೆಯಿಂದ ವಾಪಸ್ ಬರುವ ನೀರಿನ ಕ್ಯಾಲ್ಸಿಯಂ, ಫ್ಯಾಟಿ ಆ್ಯಸಿಡ್ ಅನ್ನು ಅದಿರು ಮುಟ್ಟುವ ಮೊದಲೇ ನುಂಗುತ್ತಿತ್ತು. ಗಡಸು ನೀರಿನಲ್ಲಿ ಸೋಪು ಒಡೆಯುತ್ತದಲ್ವಾ, ಹಾಗೇ.

ಈಗ ಸೋಡಾ ಆ್ಯಶ್ ಮೊದಲು ನೀರಿಗೇ ಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಇಳಿಯಲು ಸಮಯ ಕೊಟ್ಟು, ಪಿಎಚ್ 9.3ರ ಆಸುಪಾಸಿಗೆ ತಂದ ಮೇಲೆಯೇ ಸಿಲಿಕೇಟ್, ಆಮೇಲೆ ಕಲೆಕ್ಟರ್. ಇನ್ನೊಂದು ಬದಲಾವಣೆ ಕಂಡೀಷನಿಂಗ್‌ನದು, ಅಂದರೆ ತೇಲಿಸುವ ಮೊದಲು ಅದಿರಿಗೆ ಕೆಮಿಕಲ್ ಕಲಸುವ ಹಂತದ್ದು. ಅಲ್ಲಿನ ಕಲಸಿನಲ್ಲಿ 35 ಪರ್ಸೆಂಟ್ ಸಾಲಿಡ್ಸ್ (ಅದಿರಿನ ಪುಡಿ) ಇದ್ದದ್ದನ್ನು 70ಕ್ಕೆ ಏರಿಸಿದೆ. ಮೋಟಾರ್ ಟ್ರಿಪ್ ಆಗುತ್ತದೆ ಅಂದರು. ಎರಡು ಸಲ ಆಯಿತು ಕೂಡ. ಟ್ಯಾಂಕ್ ಮಟ್ಟ ಇಳಿಸಿದೆ, ಸರಿಹೋಯಿತು. ಸ್ಲೈಮ್, ಅಂದರೆ ತೀರಾ ನುಣ್ಣನೆ ಕೆಸರು, ತೆಗೆಯಲು ಸೈಕ್ಲೋನ್‌ನಲ್ಲಿ (ಸುಳಿಯಂತೆ ತಿರುಗಿಸಿ ಬೇರ್ಪಡಿಸುವ ಸಾಧನ) ಎರಡು ಸುತ್ತು. ಅದರಲ್ಲಿ 6-7 ಪರ್ಸೆಂಟ್ ಫಾಸ್ಫೇಟ್ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ, ಆದರೆ ಬೇರೆ ದಾರಿ ಕಾಣಲಿಲ್ಲ.

ಈಗ ಕಲೆಕ್ಟರ್ 600 ಗ್ರಾಂ. ಕಾನ್ಸಂಟ್ರೇಟ್ 31, ಸೆಲ್‌ಗಳ ರಿಕವರಿ 84-85. ಫ್ಯಾಟಿ ಆ್ಯಸಿಡ್‌ಗೆ ಡೀಸೆಲ್ ಎಷ್ಟು, ಹೇಗೆ ಬೆರೆಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ಎಂಟು ತಿಂಗಳು ಬೆವರು ಸುರಿಸಿದ್ದೇನೆ.

ಈ ನಡುವೆ ಡಾಲಮೈಟ್ (ಮೆಗ್ನೀಸಿಯಂ ಇರುವ ಕಾರ್ಬೊನೇಟ್ ಖನಿಜ) ಸೇರಿದ ಒಂದು ಲಾಟ್ ಬಂತು. ಅಲ್ಲಿ ಲೆಕ್ಕವೇ ಉಲ್ಟಾ. ಫಾಸ್ಫಾರಿಕ್ ಆ್ಯಸಿಡ್‌ನಿಂದ ಪಿಎಚ್ 5ಕ್ಕೆ ಇಳಿಸಿದರೆ ಫಾಸ್ಫೇಟ್ ಕೂರುತ್ತದೆ, ಡಾಲಮೈಟ್ ತೇಲುತ್ತದೆ. ಎಂಜಿಓ (ಮೆಗ್ನೀಸಿಯಂ ಆಕ್ಸೈಡ್) 2.3 ಪರ್ಸೆಂಟ್‌ನಿಂದ 0.9ಕ್ಕೆ ಬಂತು. ಆದರೆ ಕಾರ್ಬೊನೇಟ್ ಆ್ಯಸಿಡ್ ತಿನ್ನುತ್ತಲೇ ಇರುತ್ತದೆ, ಪಿಎಚ್ ಮತ್ತೆ ಮತ್ತೆ ಏರುತ್ತದೆ. ಸಲ್ಫ್ಯೂರಿಕ್ ಅಗ್ಗ ಅಂತ ಅದನ್ನೇ ಹಾಕಿದೆ, ಪೈಪಿನ ತುಂಬಾ ಜಿಪ್ಸಂ ಕಟ್ಟಿತು. ಈಗ ಎರಡನ್ನೂ ಬೆರೆಸಿ ಲ್ಯಾಬ್ ಸೆಲ್‌ನಲ್ಲಿ ನೋಡುತ್ತಿದ್ದೇನೆ.