ಹಳ್ಳಿ ಮನೆಯ ಕೊಟ್ಟಿಗೆಯಲ್ಲೇ ಮರ ಕಡೆಯೋದು ಹೇಗೆ?

ಮರದ ತುಂಡನ್ನು ಗರಗರ ತಿರುಗಿಸೋ ಯಂತ್ರವೇ ಲೇತ್, ತಿರುಗುವಾಗ ಉಳಿ ಹಿಡಿದು ಆಕಾರ ಕೊಡೋದೇ ಕಡೆಯೋದು. ದೊಡ್ಡ ಲೇತ್ ಮೊದಲೇ ಬೇಡ. ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಇರೋ ಚಿಕ್ಕದು ಸಾಕು, ಬುಗುರಿ, ಲಟ್ಟಣಿಗೆ, ಉಳಿಯ ಹಿಡಿ ಎಲ್ಲ ಅದರಲ್ಲೇ ಆಗುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ವಾ? ಹಿಂದೆಲ್ಲ ಕೈಯಿಂದಲೇ ಹಗ್ಗ ಎಳೆದು ಕಡೆಯುತ್ತಿದ್ದರು, ಅದನ್ನೂ ಮಾಡಿ ನೋಡಬಹುದು.

ಮರಕ್ಕೆ ದುಡ್ಡು ಸುರಿಯಬೇಡಿ. ಚನ್ನಪಟ್ಟಣದವರು ಗೊಂಬೆಗೆ ಬಳಸೋದು ಆಲೆ ಮರ, ಮೆತ್ತಗೆ, ಬಿಳಿ, ಕಲಿಯೋರಿಗೂ ಒಳ್ಳೆಯದು. ಸಿಗದಿದ್ದರೆ ತೋಟದಲ್ಲಿ ಬಿದ್ದ ಹಲಸು, ಸವರಿದ ಸಿಲ್ವರ್ ಓಕ್ ಕೊಂಬೆ ನೋಡಿ. ಗಂಧ, ಬೀಟೆ ಮಾತ್ರ ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಬೇಡಿ. ಹಸಿ ತುಂಡಿನ ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿಡಿ, ಇಲ್ಲದಿದ್ದರೆ ತುದಿಯಿಂದ ಬಿರುಕು ಬಿಡುತ್ತೆ.

ಉಳಿ ಹಿಡಿಯೋದೇ ನಿಜವಾದ ಕಲಿಕೆ. ಮೊದಲು ಉಳಿಯನ್ನು ಆಸರೆಯ ಕಂಬಿ ಮೇಲೆ ಗಟ್ಟಿಯಾಗಿ ಇಡಿ. ಅದರ ಇಳಿಜಾರು ಮುಖ ತಿರುಗುತ್ತಿರುವ ಮರವನ್ನು ಸುಮ್ನೆ ಸವರಲಿ, ಆಮೇಲೆ ಹಿಡಿಯನ್ನು ಮೆಲ್ಲಗೆ ಎತ್ತುತ್ತಾ ಬಂದರೆ ಅಲಗು ತಾನಾಗೇ ಕಚ್ಚಿ ಉದ್ದನೆ ಸುರುಳಿ ಹೊರಬರುತ್ತೆ. ಪುಡಿ ಬರ್ತಿದ್ರೆ ಉಳಿ ಮೊಂಡಾಗಿದೆ, ಸಾಣೆ ಹಿಡೀರಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಬಣ್ಣಕ್ಕೆ ಅರಗಿನ ಕಡ್ಡಿ. ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತೆ. ಮೇಲೆ ಒಣಗಿದ ತಾಳೆ ಎಲೆ ಒತ್ತಿ ಹೊಳಪು ಕೊಡಿ.